ಮುಗಿಲು ಎಂದು ಬರೆಯದ ಕೈ

ಕುರುಗೋಡಿನಿಂದ ಹೊರಡುವಾಗ ಕೈಗೊಂದು ಪುಟ್ಟ ಬಟ್ಟೆಯ ಚೀಲ ಕೊಟ್ಟರು. ಒಳಗೆ ತೊಟ್ಟಿಲಿಗೆ ಹಾಕಿದ ದಿನದ ಗುಗ್ಗರಿ. ಬೆಂದ ಕಡಲೆ, ಇಂಗಿನ ಒಗ್ಗರಣೆ, ಒಣಕೊಬ್ಬರಿ... ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡರೆ ಇನ್ನೂ ಬೆಚ್ಚಗಿತ್ತು. ಚೀಲದ ಮೇಲೆ ಹಸಿರು ಅಕ್ಷರದಲ್ಲಿ ಕೂಸಿನ ಹೆಸರು: ಮುಗಿಲು. ಕೂಸು ನನ್ನ ತಮ್ಮನ ಮೊಮ್ಮಗಳು. ಎಂಥ ಅಪರೂಪದ ಹೆಸರು, ಹೆಣ್ಣಿಗೂ ಸೈ ಗಂಡಿಗೂ ಸೈ, ಎಲ್ಲಿ ಸಿಕ್ಕಿತು ಎಂದು ಬಂದವರೆಲ್ಲ ಕೇಳಿದ್ದೇ ಕೇಳಿದ್ದು. ಕೂಸು ಹುಟ್ಟುವ ಮೊದಲೇ ಮೂರು ತಿಂಗಳು ಮೊಬೈಲಿನಲ್ಲಿ ಹುಡುಕಿದೆವು ಎಂದು ತಮ್ಮ ಬೀಗುತ್ತಿದ್ದ. ಅವನ ಹಿಂದಿನ ಗೋಡೆಯಲ್ಲಿ ಗಂಧದ ಹಾರ ಹಾಕಿಕೊಂಡ ನಮ್ಮಪ್ಪನ ಫೋಟೋ. ನನಗೆ ಮೈಯೆಲ್ಲ ಉರಿದುಹೋಯಿತು.

ಅದೇ ಹೆಸರನ್ನು ಐವತ್ತು ವರ್ಷದ ಹಿಂದೆ ನಾನೇ ಒಂದು ಕೂಸಿನ ಕಿವಿಯಲ್ಲಿ ಹೇಳಿದ್ದೆ.

ಆಗ ಅಪ್ಪ ಸಿರುಗುಪ್ಪ ಕಡೆಯ ಒಂದು ಕಾಲುವೆ ಊರಿನಲ್ಲಿ ಹೆಡ್ ಮಾಸ್ತರ್. ನಮ್ಮ ಹಿತ್ತಲಿನ ಮೋಟು ಗೋಡೆಯ ಆಚೆ ಒಂದು ಗುಡಿಸಲು. ಅಲ್ಲಿದ್ದವಳನ್ನು ನಾನು ಆಚೆಮನೆ ಅಕ್ಕ ಎನ್ನುತ್ತಿದ್ದೆ. ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಮೊದಲ ಮಗಳನ್ನು ಅವಳು ಹೆತ್ತದ್ದು ಗದ್ದೆಯ ಬದುವಿನ ಮೇಲೆ. ಕಣ್ಣು ತೆರೆದಾಗ ಮುಗಿಲು ಬಿಟ್ಟು ಬೇರೇನೂ ಕಾಣಲಿಲ್ಲವಂತೆ, ಅದನ್ನೇ ಹೆಸರಿಟ್ಟಳು. ಊರು ನಕ್ಕಿತು. ಮೂರು ವರ್ಷ ತುಂಬುವ ಮೊದಲೇ ಆ ಹುಡುಗಿ ಜ್ವರಕ್ಕೆ ಹೋಯಿತು. ಎತ್ತಿನ ಗಾಡಿಯಲ್ಲಿ ಸಿರುಗುಪ್ಪಕ್ಕೆ ಕರೆದೊಯ್ದವರು ಅರ್ಧ ದಾರಿಯಿಂದ ತಿರುಗಿ ಬಂದರು... ಹುಟ್ಟಿದ್ದಕ್ಕೆ ಒಂದು ಚೀಟಿ ಇಲ್ಲ, ಫೋಟೋ ಇಲ್ಲ, ಶಾಲೆ ಸೇರುವ ವಯಸ್ಸೂ ಆಗಿರಲಿಲ್ಲ. ಹಾಗೊಬ್ಬಳು ಇದ್ದಳು ಎನ್ನುವುದಕ್ಕೆ ತಾಯಿಯ ಬಾಯಿಮಾತೊಂದೇ ಉಳಿಯಿತು.

ಮರುವರ್ಷ ಗಂಡು ಹುಟ್ಟಿತು. ಮೊದಲ ಕೂಸು ಉಳಿಯದಿದ್ದರೆ ಮುಂದಿನದನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟು, ಎತ್ತಿಕೊಂಡು ಬಂದು ತಿಪ್ಪಣ್ಣ ಎಂದೋ ತಿಪ್ಪಮ್ಮ ಎಂದೋ ಕರೆಯುವುದು ನಮ್ಮ ಕಡೆಯ ಪದ್ಧತಿ. ಸಾವು ತಿಪ್ಪೆಯ ಕೂಸನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ. ಅಕ್ಕ ಒಪ್ಪಲಿಲ್ಲ.

"ನನ್ನ ಕೂಸು ತಿಪ್ಪಿಯಾಗ ಸಿಕ್ಕಿಲ್ಲ. ನನ್ನ ಹೊಟ್ಟ್ಯಾಗ ಹುಟ್ಟೈತಿ," ಎಂದಳು.

ಮಗಳ ಹೆಸರನ್ನೇ ಮಗನಿಗೂ ಇಡುತ್ತೇನೆಂದು ಹಟ ಹಿಡಿದಳು. ಸತ್ತ ಕೂಸಿನ ಹೆಸರನ್ನು ಬದುಕಿದ ಕೂಸಿನ ಕಿವಿಯಲ್ಲಿ ಹೇಳಲಾರೆ ಎಂದು ಗಂಡನ ತಂಗಿ ಬರಲೇ ಇಲ್ಲ. ಸೋದರತ್ತೆಯಿಲ್ಲದೆ ಹೆಸರಿಡುವುದು ಹೇಗೆ? ಅಕ್ಕ ಗೋಡೆಯ ಮೇಲಿಂದ ನನ್ನನ್ನು ಕೂಗಿದಳು. ನನಗೆ ಹನ್ನೆರಡು ವರ್ಷ. ಅಮ್ಮ ಬೇಡವೆಂದರೂ ಗೋಡೆ ಹಾರಿ ಹೋದೆ. ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳುತ್ತಿದ್ದಂತೆ ನಾಟಿಯ ಹೆಂಗಸರೆಲ್ಲ ಸಂಪ್ರದಾಯದಂತೆ ನನ್ನ ಬೆನ್ನಿಗೆ ಗುದ್ದಿದರು. ಎರಡು ದಿನ ಬೆನ್ನು ನೊಂದಿತು. ಅಷ್ಟು ದೊಡ್ಡವಳಾದೆನೆಂಬ ಹೆಮ್ಮೆ ಅದಕ್ಕಿಂತ ಹೆಚ್ಚು ದಿನ ಇತ್ತು.

ಆರು ವರ್ಷದ ಮೇಲೆ, ಜೂನ್ ತಿಂಗಳು. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಅಕ್ಷರ ದುಂಡಗಿದೆ ಎಂದು ಅಪ್ಪ ದಾಖಲಾತಿ ಪುಸ್ತಕ ಬರೆಯಲು ನನ್ನನ್ನೇ ಕೂರಿಸುತ್ತಿದ್ದ. ಕೂಲಿಯವರ ಮಕ್ಕಳಿಗೆ ಹುಟ್ಟಿದ ತಾರೀಖನ್ನು ಅವನೇ ಗೊತ್ತು ಮಾಡುತ್ತಿದ್ದ, ಹೆಸರು ನಾಲಿಗೆಗೆ ಹೊಂದದಿದ್ದರೆ ಅದನ್ನೂ. ಅಕ್ಕ ಮಗನಿಗೆ ತಲೆ ಬಾಚಿ ಕರೆತಂದಳು. ಹೆಸರು ಕೇಳಿ ಅಪ್ಪ, ಇದು ಹೆಣ್ಣಿನ ಹೆಸರೋ ಗಂಡಿನದೋ ಎಂದ. ಸಾಲಿನಲ್ಲಿದ್ದವರು ನಕ್ಕರು.

"ಎರಡೂ ಹೌದ್ರಿ ಸಾರ್. ಮೊದಲು ಆಕಿದಿತ್ತು, ಈಗ ಇವಂದು. ಆಕಿ ಹೆಸರು ಯಾವ ಬುಕ್ಕಿನಾಗೂ ಬರಲಿಲ್ಲ. ಇವನ ಕೂಡನಾದ್ರೂ ಬರಲಿ ಅಂತ ಬಂದೀನ್ರಿ."

ಮೊದಲನೆಯದು ಸತ್ತ ಮೇಲೆ ತಿಪ್ಪಣ್ಣ ಎಂದೇ ಇರಲಿ, ಆಯುಷ್ಯ ಗಟ್ಟಿಯಾಗುತ್ತದೆ ಎಂದ ಅಪ್ಪ. ನನ್ನ ಕಡೆ ತಿರುಗಿ, "ಬರಿ," ಎಂದ. ಅಕ್ಕ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಕಿವಿಯಲ್ಲಿ ಹೆಸರು ಹೇಳಿದವಳು ನಾನೇ ತಾನೆ. ಬೇಡಪ್ಪಾ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಬರೆದೆ. ದುಂಡಗೆ, ಒಂದು ಗೀಟೂ ಸೊಟ್ಟಗಾಗದಂತೆ ಬರೆದೆ. ಅವಳು ನಾನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಹೊರಟಳು. ಆಮೇಲೆ ಗೋಡೆಯ ಮೇಲಿಂದ ನನ್ನನ್ನು ಒಮ್ಮೆಯೂ ಕೂಗಲಿಲ್ಲ. ತಿಪ್ಪಣ್ಣ ಎಂಬ ಹೆಸರಿನಲ್ಲಿ ತಪ್ಪಿಲ್ಲ, ನನ್ನ ದೊಡ್ಡಪ್ಪನದೂ ಅದೇ. ಆದರೆ ಅದು ಅವಳು ಇಟ್ಟ ಹೆಸರಾಗಿರಲಿಲ್ಲ.

ಮುಂದೆ ನಾನೂ ಟೀಚರಾದೆ, ಬಳ್ಳಾರಿಗೆ ಬಂದೆ. ಪ್ರತಿ ಜೂನ್‌ನಲ್ಲಿ ದಾಖಲಾತಿ ಬರೆಯುವಾಗ ಆ ಹೆಸರು ಬರುತ್ತದೇನೋ ಎಂದು ಕಾಯುತ್ತಿದ್ದೆ. ವರ್ಷಗಟ್ಟಲೆ ಬರಲಿಲ್ಲ. ಒಂದು ಸಲ ಯಾರೋ ಅಧಿಕಾರಿಯ ಮಗ ಆ ಹೆಸರು ಹೊತ್ತು ಬಂದ. ಸ್ಟಾಫ್ ರೂಮಿನವರೆಲ್ಲ ಎಷ್ಟು ಚೆಂದದ ಹೆಸರು ಎಂದರು, ಯಾರೂ ನಗಲಿಲ್ಲ. ಆಮೇಲೆ ಒಂದು ಹುಡುಗಿ. ನಾನು ನಿವೃತ್ತಳಾಗುವ ವರ್ಷ ಒಂದೇ ಕ್ಲಾಸಿನಲ್ಲಿ ಇಬ್ಬರು, ಇನಿಷಿಯಲ್ ಸೇರಿಸಿ ಕರೆಯಬೇಕಾಯಿತು. ನಾನು ಯಾವ ಮಗುವಿನ ಹೆಸರನ್ನೂ ತಿದ್ದಲಿಲ್ಲ. ಅದರಿಂದ ಅಕ್ಕನಿಗೆ ಬಂದ ಭಾಗ್ಯವೇನು?

ಕುರುಗೋಡಿನಲ್ಲಿ ಊಟವಾದ ಮೇಲೆ ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಆಗಿನ ಕಾಲ ಬ್ಯಾರೆ ಬಿಡಕ್ಕ. ಅಪ್ಪ ಒಳ್ಳೇದಕ್ಕ ಮಾಡಿದ್ದು," ಎಂದ. ಕಾಲದ ಮೇಲೆ ಹಾಕಿಬಿಟ್ಟರೆ ಎಷ್ಟು ಸಲೀಸು! ಗದ್ದೆಯ ಹೆಂಗಸು ಇಟ್ಟರೆ ನಗೆಪಾಟಲು, ಇವನ ಮೊಬೈಲು ಹೇಳಿದರೆ ಅಪರೂಪ. ನಾನು ಫೋಟೋಗೆ ಕೈ ಮುಗಿಯದೆ ಬಂದೆ.

ಬಳ್ಳಾರಿಯಲ್ಲಿ ಇಳಿದು ಮನೆಗೆ ಹೋಗದೆ ಕೌಲ್ ಬಜಾರಿನ ಆಟೋ ಸ್ಟ್ಯಾಂಡಿಗೆ ನಡೆದೆ. ಅಕ್ಕನ ಮಗ ಅಲ್ಲಿ ಆಟೋ ಓಡಿಸುತ್ತಾನೆ, ಈಗ ತಲೆ ನರೆತಿದೆ. ಲೈಸೆನ್ಸ್, ಆಧಾರ್, ಬ್ಯಾಂಕು ಎಲ್ಲದರಲ್ಲೂ ನಾನು ಬರೆದ ಹೆಸರೇ. ನನ್ನನ್ನು ಅತ್ತಿ ಎನ್ನುವುದನ್ನು ಮಾತ್ರ ಅವನು ಬಿಟ್ಟಿಲ್ಲ. ಅವನನ್ನು ಮುಗಿಲು ಎಂದು ಕರೆಯುತ್ತಿದ್ದವಳು ಅಕ್ಕ ಒಬ್ಬಳೇ, ಅವಳೂ ನಾಲ್ಕು ವರ್ಷದ ಹಿಂದೆ ಹೋದಳು... ನನಗೆ ತಿಳಿದದ್ದು ವಾರದ ಮೇಲೆ.

ಚೀಲ ಕೊಟ್ಟು, ನನ್ನ ತಮ್ಮನ ಮೊಮ್ಮಗಳ ಹೆಸರು ಎಂದೆ. ಅವನು ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ.

"ಅತ್ತಿ, ಬುಕ್ಕಿನಾಗ ಬರದಾರಾ?"

"ಬರದಾರಪ್ಪ. ಹುಟ್ಟಿದ ವಾರದಾಗ."

"ಹೌದಾ," ಎಂದ. ಗುಗ್ಗರಿಯನ್ನು ಕೈಗೆ ಸುರಿದುಕೊಂಡು, ಖಾಲಿ ಚೀಲವನ್ನು ಮಡಿಚಿ, ಲೈಸೆನ್ಸಿನ ಜೊತೆ ಜೇಬಿನಲ್ಲಿಟ್ಟುಕೊಂಡ.