ಮೋಟಾರಿಗೆ ಕಂಬಳಿ ಹೊದಿಸುತ್ತಿದ್ದ ಪಾಲಯ್ಯ

ಪಾಲಯ್ಯನ ಮೈಮೇಲೆ ಕಂಬಳಿ ಕಂಡವರು ಕಡಿಮೆ. ಪುಷ್ಯಮಾಸದ ಚಳಿಗೆ ಮೊಳಕಾಲ್ಮೂರಿನ ಪೇಟೆ ಬೀದಿಯೆಲ್ಲ ಕಂಬಳಿಕೊಪ್ಪೆ ಹಾಕಿಕೊಂಡು ಬೆಂಕಿಯ ಸುತ್ತ ಕೂತಿದ್ದರೆ, ಅವನು ಒಂಟಿ ಅಂಗಿಯಲ್ಲಿ ನಿಂತು ತನ್ನ ಕಂಬಳಿಯನ್ನು ಮೋಟಾರಿನ ಮುಖಕ್ಕೆ ಕಟ್ಟುತ್ತಿದ್ದ. ಕಟ್ಟಿದ ಮೇಲೆ ಎರಡೂ ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು, ಆಗತಾನೆ ಹುಟ್ಟಿದ ಕುರಿಮರಿಯ ಹೊಟ್ಟೆ ತಡವುವ ಹಾಗೆ ತಡವುತ್ತಿದ್ದ. ಚಳಿಗೆ ಅವನ ತುಟಿ ನೀಲಿಯಾಗಿರುತ್ತಿತ್ತು. ಅದರ ಗೊಡವೆ ಅವನಿಗಿರಲಿಲ್ಲ.

ಮೋಟಾರು ನಮ್ಮ ಕಡೆಗೆ ಹೊಸದಾಗಿ ಬಂದ ಕಾಲ. ಚಳ್ಳಕೆರೆಯ ಸಾವುಕಾರರೊಬ್ಬರು ಯಾರೋ ದೊರೆ ಓಡಿಸಿ ಬಿಟ್ಟಿದ್ದ ಹಳೆಯ ಕಾರನ್ನು ಕೊಂಡು ಬಾಡಿಗೆಗೆ ಬಿಟ್ಟಿದ್ದರು. ಬೆಳಿಗ್ಗೆ ಮೊಳಕಾಲ್ಮೂರಿನಿಂದ ಹೊರಟು ಚಳ್ಳಕೆರೆ, ಸಂಜೆ ವಾಪಸು. ಜನವೂ ರೇಷ್ಮೆ ಸೀರೆಯ ಗಂಟೂ ಒಂದರ ಮೇಲೊಂದು ಕೂರುತ್ತಿದ್ದವು. ಪಾಲಯ್ಯ ಡ್ರೈವರು. ಹ್ಯಾಂಡ್ಲು ತಿರುಗಿಸಿ ಎಂಜಿನ್ನು ಎಬ್ಬಿಸುವವನು, ಗಂಟು ಏರಿಸುವವನು, ಚಕ್ರ ಬಿಚ್ಚುವವನು ನಾನು. ಮೂರನೇ ಕ್ಲಾಸಿಗೇ ಸ್ಲೇಟು ಇಟ್ಟು ಕುಲುಮೆ ಸೇರಿದವನು. ದುಡಿಮೆಯ ವಿಷಯದಲ್ಲಿ ಯಾರಿಂದಲೂ ಒಂದು ಮಾತು ಹೇಳಿಸಿಕೊಂಡವನಲ್ಲ. ಪಾಲಯ್ಯನಿಂದ ಮಾತ್ರ ದಿನವೂ ಹೇಳಿಸಿಕೊಳ್ಳುತ್ತಿದ್ದೆ.

"ಲೇ ಕಮ್ಮಾರ, ಅದು ಕಬ್ಬಿಣ ಅಲ್ಲಲೇ, ಕಬ್ಬಿಣದ ಒಳಗೆ ಇರೋದು. ಸುಮ್ಕೆ ತಿರುವಬ್ಯಾಡ, ಅದಕ್ಕೂ ಎಚ್ಚರ ಆಗ್ಲಿ."

ಚಳಿಗೆ ಎಂಜಿನ್ನಿನ ಎಣ್ಣೆ ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತಿತ್ತು. ಹ್ಯಾಂಡ್ಲು ಅಲುಗುತ್ತಿರಲಿಲ್ಲ. ಅಲುಗಿದರೂ ಕೆಲವು ಸಲ ತಿರುಗಿ ಒದ್ದು ಮಣಿಕಟ್ಟು ಉಳುಕಿಸುತ್ತಿತ್ತು. ಅದಕ್ಕೆ ಪಾಲಯ್ಯ ರಾತ್ರಿಯೇ ಎಣ್ಣೆಯನ್ನು ಡಬ್ಬಿಗೆ ಇಳಿಸಿ, ಬೆಳಿಗ್ಗೆ ಕೆಂಡದ ಮೇಲಿಟ್ಟು ಬೆಚ್ಚಗೆ ಮಾಡಿ ಸುರಿಯುತ್ತಿದ್ದ. ಎಂಜಿನ್ನು ತಣಿಸುವ ನೀರಿನದೂ ಹಾಗೆಯೇ. ಸಂಜೆ ಇಳಿಸುವುದು, ಬೆಳಿಗ್ಗೆ ಬಿಸಿಯದು ಹಾಕುವುದು. ನಾವು ಮೋಟಾರು ನಿಲ್ಲಿಸುತ್ತಿದ್ದ ಜಾಗದ ಪಕ್ಕದಲ್ಲೇ ರೇಷ್ಮೆ ನೂಲಿಗೆ ಬಣ್ಣ ಹಾಕುವ ನರಸಣ್ಣನ ಮನೆ. ಅವನ ಒಲೆ ಕೋಳಿ ಕೂಗುವ ಹೊತ್ತಿಗೇ ಉರಿಯುತ್ತಿತ್ತು. "ನೀಳ್ಳು ಕಾಗಿನಾಯಿ, ರಾ ಅನ್ನಾ" ಎಂದು ಅವನು ತೆಲುಗಿನಲ್ಲಿ ಕೂಗಿದರೆ ನೀರು ಕಾದಿದೆ ಎಂದರ್ಥ. ನಾವು ಕೊಡ ಹಿಡಿದು ಓಡುತ್ತಿದ್ದೆವು. ಒಂದು ದಿನ ಆತುರಕ್ಕೆ ನಾನು ಕುಂಕುಮ ಬಣ್ಣ ಕಲಸಿದ್ದ ಹಂಡೆಯಿಂದಲೇ ತುಂಬಿಕೊಂಡು ಬಂದೆ. ಹಳೇ ಮೋಟಾರು, ಮುಂದೆ ಸೋರುತ್ತಿತ್ತು. ದಾರಿಯುದ್ದಕ್ಕೂ ಕೆಂಪು ಹನಿ. ತಳುಕು ಊರಿನಲ್ಲಿ ಒಬ್ಬ ಮುದುಕ ಬಗ್ಗಿ ನೋಡಿ, "ಪಾಲಯ್ಯ, ನಿನ್ ಮೋಟಾರು ಎಲಡಿಕೆ ಹಾಕೈತೇನೋ? ಸಿಕ್ಕಸಿಕ್ಕಲ್ಲಿ ಉಗೀತೈತಲ್ಲೋ!" ಎಂದ. "ಹೂಂ, ಸಾವುಕಾರ್ರ ಮನೆ ಊಟ, ಎಲಡಿಕೆ ಬ್ಯಾಡ್ವಾ?" ಎಂದು ಪಾಲಯ್ಯ ನಗದೆ ಹೇಳಿದ.

ಅವನು ನಗುತ್ತಲೇ ಇರಲಿಲ್ಲ. ನಗಿಸುತ್ತಿದ್ದ.

ಮೋಟಾರು ಶುರುವಾದ ಕೂಡಲೇ ನಿಂತಲ್ಲೇ ಗರಗರ ಎನ್ನಿಸಿ ಬಿಸಿ ಮಾಡಬೇಕೆಂದು ಬೇರೆ ಡ್ರೈವರುಗಳು ಹೇಳುತ್ತಿದ್ದರು. ಪಾಲಯ್ಯ ಒಪ್ಪುತ್ತಿರಲಿಲ್ಲ. "ನಿಂತು ಬಿಸಿ ಆಗೋದು ಒಲೆ. ನಡೆದು ಬಿಸಿ ಆಗೋದು ಎತ್ತು, ಆಳು, ಮೋಟಾರು" ಎನ್ನುತ್ತಿದ್ದ. ಒಂದು ಬೀಡಿ ಹಚ್ಚುವಷ್ಟು ಹೊತ್ತು ಕಾದು, ಮೆತ್ತಗೆ ಬಿಡುತ್ತಿದ್ದ. ಊರು ದಾಟುವ ತನಕ ಎತ್ತಿನ ಗಾಡಿಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು, ಗಾಡಿಯವರು ಬೇಕೆಂತಲೇ ತಿರುಗಿ ನೋಡಿ ಹೋಗುತ್ತಿದ್ದರು. ಮುಖಕ್ಕೆ ಕಟ್ಟಿದ ಕಂಬಳಿ ಎದುರುಗಾಳಿಯನ್ನು ತಡೆಯುತ್ತಿತ್ತು. ಹಾನಗಲ್ಲು ದಾಟಿ ಎಂಜಿನ್ನಿನ ದನಿ ಹದಕ್ಕೆ ಬಂದ ಮೇಲೆ ಇಳಿದು ಅದನ್ನು ಅರ್ಧ ಎತ್ತುತ್ತಿದ್ದ, ಇನ್ನಷ್ಟು ದೂರ ಹೋಗಿ ಪೂರ್ತಿ ಬಿಚ್ಚುತ್ತಿದ್ದ.

ಒಮ್ಮೆ ಬಿಚ್ಚುವುದನ್ನು ಮರೆತ. ಕಂಬಳಿ ಹೊಸದು. ನಮ್ಮ ಕಡೆ ಹೊಸ ಕಂಬಳಿಗೆ ಹುಣಿಸೆ ಬೀಜದ ಗಂಜಿ ಕುಡಿಸುತ್ತಾರೆ, ಬಿಗಿಯಾಗಲಿ ಎಂದು. ನೀರು ಕುದಿದು ಹಬೆ ಎದ್ದು ಗಂಜಿಯೆಲ್ಲ ಬೆಂದು ಘಮ್ಮೆಂದಿತು. ಹಿಂದೆ ಕೂತ ಸೀರೆ ವ್ಯಾಪಾರಿ ಮೂಗು ಅರಳಿಸಿ, "ಯಾರ ಮನೇಲೋ ಸಾರಿಗೆ ಇಟ್ಟವ್ರೆ ಕಣ್ರಿ" ಎಂದ. ಸುತ್ತ ಮನೆಯೇ ಇಲ್ಲ, ಬರೀ ಹುಲ್ಲುಗಾವಲು! ಪಾಲಯ್ಯ ಇಳಿದು ಕೈ ಸುಟ್ಟುಕೊಂಡು ಬಿಚ್ಚಿದ. "ಚಳಿ ಬಿಟ್ಟ ಮೇಲೂ ಹೊದ್ಕೊಂಡ್ರೆ ಯಾರಿಗಾದ್ರೂ ಜ್ವರ ಬತ್ತದೆ" ಎಂದ. ತಪ್ಪು ತನ್ನದೆಂದು ಹೇಳಲಿಲ್ಲ.

ಆ ಕಂಬಳಿ ಅವನ ಮದುವೆಯದು. ದೊಡ್ಡಉಳ್ಳಾರ್ತಿಯ ಕಡೆಯ ಕುರಿ ಕಾಯುವ ಹಟ್ಟಿಯವರು ಅವರು. ಅವರಲ್ಲಿ ಕಂಬಳಿ ಹಾಸದೆ ಮದುವೆ ಇಲ್ಲ, ನ್ಯಾಯ ಇಲ್ಲ, ದೇವರನ್ನು ಕೂರಿಸುವುದೂ ಅದರ ಮೇಲೆಯೇ. ಗಂಡು ಹೆಣ್ಣು ಕೂತೆದ್ದ ಕಂಬಳಿಯನ್ನು ತುಳಿಯುವುದಿಲ್ಲ, ಒತ್ತೆ ಇಡುವುದಿಲ್ಲ. ಅವನ ಮಾವ ಕಾಟಯ್ಯ ಹಟ್ಟಿಯ ಯಜಮಾನ. ಒಂದು ಸಲ ಚಳ್ಳಕೆರೆ ಸಂತೆಗೆ ಬಂದವನು ಮೋಟಾರಿನ ಮುಖ ನೋಡಿ ಅಲ್ಲೇ ನಿಂತುಬಿಟ್ಟ.

"ನನ್ ಮಗಳು ಕುಂತ ಕಂಬ್ಳಿ ಏನೋ ಅದು?"

"ಹೌದು ಮಾವ."

"ದೇವರ್ನ ಕುಂಡ್ರಿಸೋದನ್ನ ತಂದು ಯಂತ್ರದ ಮೂತಿಗೆ ಕಟ್ಟೀಯ. ನಾಚ್ಕೆ ಆಗಲ್ವೇನೋ?"

"ಇದು ಎದ್ರೇನೆ ಮಾವ, ನಿನ್ ಮಗಳ ಒಲೆ ಉರಿಯೋದು."

ಕಾಟಯ್ಯ ಉಗಿದು ಹೋದ. ಪಾಲಯ್ಯನ ಹೆಂಡತಿ ಮಾರಕ್ಕ ಮಾತ್ರ ಅದನ್ನು ದೊಡ್ಡದು ಮಾಡಲಿಲ್ಲ. ಕಂಬಳಿಯ ನಾಲ್ಕು ಮೂಲೆಗೆ ಅವಳೇ ಲಾಡಿ ಹೊಲಿದು ಕೊಟ್ಟಿದ್ದಳು. "ನನಗಿಂತ ಅದಕ್ಕೇ ಹೊದಿಸಿದ್ದು ಜಾಸ್ತಿ" ಎಂದು ನನ್ನೆದುರು ಅವನನ್ನು ಆಡಿಕೊಳ್ಳುತ್ತಿದ್ದಳು. ಮೊಳಕಾಲ್ಮೂರಿನಲ್ಲಿ ಒಂದು ಕೋಣೆಯ ಮನೆಯಲ್ಲಿ ಇಬ್ಬರೇ ಇದ್ದರು.

ಮರುವರ್ಷದ ಚಳಿಗಾಲದಲ್ಲಿ ಮಾರಕ್ಕನಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಕೂಸು ಬಂದರೂ ರಕ್ತ ನಿಲ್ಲಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಸೂಲಗಿತ್ತಿ ಓಬಮ್ಮ ಹೊರಗೆ ಬಂದು, "ನನ್ ಕೈ ಮೀರೈತೆ. ಚಳ್ಳಕೆರೆ ದವಾಖಾನೆಗೆ ಎತ್ತಾಕು" ಎಂದಳು.

ನಾನು ಹೋದಾಗ ಪಾಲಯ್ಯ ಎಣ್ಣೆ ಕಾಯಿಸುತ್ತಿದ್ದ. ದಿನದ ಹಾಗೆಯೇ. ನರಸಣ್ಣ ಅವತ್ತು ಕೂಗದೆ ತಾನೇ ಬಿಸಿನೀರಿನ ಕೊಡ ತಂದಿಟ್ಟಿದ್ದ. ಮೋಟಾರು ಎದ್ದಿತು. ಹಿಂದೆ ಮಾರಕ್ಕನನ್ನು ಮಲಗಿಸಿದೆವು, ತಲೆಯ ಹತ್ತಿರ ಓಬಮ್ಮ, ಅವಳ ಸೆರಗಿನಲ್ಲಿ ಕೂಸು. ಮನೆಯ ಕೌದಿಗಳೆಲ್ಲ ಹೆರಿಗೆಯಲ್ಲಿ ನೆನೆದುಹೋಗಿದ್ದವು. ಹೊದಿಸಲು ಹಳೇ ಸೀರೆಗಳು. ಬೆಚ್ಚಗಿನದು ಎಂದರೆ ಮೋಟಾರಿನ ಮುಖಕ್ಕೆ ಕಟ್ಟಿದ್ದು ಒಂದೇ.

ಹಾನಗಲ್ಲು ಬರುವ ಮೊದಲೇ ಬಯಲು ಗಾಳಿ ಬೀಸಿತು. ಮಾರಕ್ಕ ಹಲ್ಲು ಕಡಿಯುತ್ತಾ, "ಚಳಿ ಆಗ್ತೈತೆ" ಎಂದಳು. ಪಾಲಯ್ಯ ಮೋಟಾರು ನಿಲ್ಲಿಸಿದ. ಇಳಿದು ಲಾಡಿ ಬಿಚ್ಚಿ, ಕಂಬಳಿ ತಂದು ಅವಳಿಗೆ ಕುತ್ತಿಗೆಯ ತನಕ ಹೊದಿಸಿದ.

ಇನ್ನೂ ಕಾವು ಹಿಡಿಯದ ಎಂಜಿನ್ನು ಗಾಳಿಗೆ ಕೆಮ್ಮಲು ಶುರು ಮಾಡಿತು. ಮುಂದಿನ ಏರಿನಲ್ಲಿ ಸತ್ತುಹೋಯಿತು. ನಾನು ಹ್ಯಾಂಡ್ಲು ಹಾಕಿದೆ. ಎದ್ದಿತು, ಸ್ವಲ್ಪ ಎಳೆದು ಮತ್ತೆ ಸತ್ತಿತು. ಮತ್ತೆ ಹಾಕಿದೆ. ಅಂಗೈ ಚರ್ಮ ಕಿತ್ತು ಬಂತು, ನನಗೆ ಗೊತ್ತೇ ಆಗಲಿಲ್ಲ. ಓಬಮ್ಮ ಹಿಂದಿನಿಂದ ಅರಚಿದಳು: "ಹಿಂಗೆ ನಿಂತ್ರೆ ಊರು ಸೇರಲ್ಲಪ್ಪೋ!"

ಪಾಲಯ್ಯ ಸ್ಟೇರಿಂಗು ಹಿಡಿದುಕೊಂಡೇ ಕೂತಿದ್ದ. ಆಗ ಮಾರಕ್ಕನೇ ಕಂಬಳಿಯನ್ನು ಎದೆಯಿಂದ ಕೆಳಗೆ ತಳ್ಳಿದಳು.

"ಅದಕ್ಕೇ ಕಟ್ರಿ" ಎಂದಳು. "ಬೇಗ ಹೋಗಾನ."

ಅವನು ಅವಳ ಮುಖ ನೋಡಿದ. ನಂತರ ನನ್ನ ಮುಖ. ಕಂಬಳಿ ಎತ್ತಿಕೊಂಡು ಹೋಗಿ ಕಟ್ಟಿದ. ಲಾಡಿಯ ಗಂಟು ಬೀಳುತ್ತಿರಲಿಲ್ಲ, ಬೆರಳು ಸೆಟೆದಿದ್ದವು. ನಾನು ಹಾಕಿ ಕೊಟ್ಟೆ. ತನ್ನ ಅಂಗಿ, ನನ್ನ ಅಂಗಿ ಎರಡನ್ನೂ ಮಾರಕ್ಕನ ಮೇಲೆ ಹಾಕಿದ. ಮೋಟಾರು ಎದ್ದಿತು. ಆಮೇಲೆ ಎಲ್ಲಿಯೂ ನಿಲ್ಲಲಿಲ್ಲ. ಯಾವತ್ತೂ ಅಷ್ಟು ಚೆನ್ನಾಗಿ ಓಡಿರಲಿಲ್ಲ.

ದವಾಖಾನೆಯ ಮುಂದೆ ಇಳಿಸುವಾಗ ನಾನು ಕಾಲ ಕಡೆ ಹಿಡಿದಿದ್ದೆ. ಕಾಲು ತಣ್ಣಗಿತ್ತು. ಡಾಕ್ಟರು ನೋಡಿ, ದಾರಿಯಲ್ಲೇ ಜೀವ ಹೋಗಿದೆ, ರಕ್ತ ಅಷ್ಟು ಹೋದ ಮೇಲೆ ಕಷ್ಟ, ಚಳಿಯಿಂದ ಆದದ್ದಲ್ಲ ಎಂದರು. ಪಾಲಯ್ಯ "ಆಗ್ಲಿ ಸ್ವಾಮಿ" ಎಂದ. ಹೊರಗೆ ಬಂದು ನನ್ನನ್ನು ಕೇಳಿದ:

"ನೀರು ಇಳಿಸಿದೇನೋ?"

"ಇಲ್ಲ."

"ಇಳಿಸು. ಕುದೀತೈತೆ."

ಮಧ್ಯಾಹ್ನಕ್ಕೆ ಸುದ್ದಿ ತಿಳಿದು ಕಾಟಯ್ಯ ಬಂದ. ಮಗಳ ಮುಖ ನೋಡಿದ, ಓಬಮ್ಮನಿಂದ ಹೆರಿಗೆಯ ಸಂಗತಿ ಕೇಳಿಸಿಕೊಂಡ, ಮೋಟಾರಿನ ಮುಖಕ್ಕೆ ಕಟ್ಟಿದ್ದ ಕಂಬಳಿಯನ್ನೂ ನೋಡಿದ. ಪಾಲಯ್ಯನ ಎದುರಿಗೆ ಬಂದು ಒಂದೇ ಮಾತು ಕೇಳಿದ: "ಕಂಬ್ಳಿ ಯಾರಿಗೆ ಹೊದಿಸಿದ್ದೆ?"

ಮಾರಕ್ಕ ತಾನೇ ಕೊಟ್ಟಳು ಎಂದು ಹೇಳಬಹುದಿತ್ತು. ಅದು ನಿಜವೂ ಹೌದು. ನಾನು ಹೇಳಲು ಹೋದೆ, ಪಾಲಯ್ಯ ನನ್ನ ತೋಳು ಹಿಡಿದ.

"ಮೋಟಾರಿಗೆ" ಎಂದ.

ಕಾಟಯ್ಯ ಓಬಮ್ಮನ ಮಡಿಲಿನಿಂದ ಕೂಸನ್ನು ಎತ್ತಿಕೊಂಡ. "ಈ ಹುಡ್ಗಿಗೆ ಅಪ್ಪ ಇಲ್ಲ. ಹಟ್ಟಿ ಕಡೆ ತಲೆ ಹಾಕಬ್ಯಾಡ" ಎಂದು ಹೋದ. ಹಟ್ಟಿಯ ಯಜಮಾನ ಆಡಿದ ಮಾತು. ಕಾಟಯ್ಯ ಬದುಕಿರುವ ತನಕ ಪಾಲಯ್ಯ ಅದನ್ನು ಮೀರಲಿಲ್ಲ. ಯಾಕೆ ನಿಜ ಹೇಳಲಿಲ್ಲ ಎಂದು ಆಮೇಲೊಮ್ಮೆ ಕೇಳಿದೆ. "ಸತ್ತೋಳ ಮೇಲೆ ಹಾಕಾನೇನೋ?" ಎಂದ. ಅಷ್ಟೇ.

ಮಣ್ಣು ಮಾಡಿ ಬಂದವನು ಮಾರನೇ ಬೆಳಿಗ್ಗೆ ಕೆಲಸಕ್ಕೆ ನಿಂತ. ಜನ ಕಲ್ಲೆದೆ ಎಂದರು. ನನಗೆ ಹಾಗೆ ಕಾಣಲಿಲ್ಲ, ಹೇಗೆ ಕಂಡಿತು ಎಂದೂ ಹೇಳಲಾರೆ. ಎಣ್ಣೆ ಕಾಯಿಸುತ್ತಿದ್ದ, ಓಡಿಸುತ್ತಿದ್ದ. ಜನ ಕೆಣಕಿದರೆ ಮಾತ್ರ ಮೊದಲಿನಂತೆ ತಿರುಗಿಸಿ ಹೇಳುತ್ತಿರಲಿಲ್ಲ. ಗುಂಡಿ ಒತ್ತಿದರೆ ಏಳುವ ಹೊಸ ಮೋಟಾರು ಬಂದ ವರ್ಷ ಕೆಲಸ ಬಿಟ್ಟು ಬಳ್ಳಾರಿ ಕಡೆ ಹೋದ. ನಾನು ಚಳ್ಳಕೆರೆಯಲ್ಲಿ ಸ್ವಂತ ಷೆಡ್ಡು ಹಾಕಿದೆ.

ಬಹಳ ವರ್ಷದ ಮೇಲೆ ಒಂದು ಮಧ್ಯಾಹ್ನ ಷೆಡ್ಡಿಗೆ ಬಂದ. ಕೂದಲು ಪೂರ್ತಿ ಬಿಳಿ. ನೀರು ಕುಡಿದು ಕೂತು, "ಹುಡ್ಗಿ ಮದ್ವೆಯಂತೆ ಲೇ" ಎಂದ. ಕಾಟಯ್ಯ ಹೋಗಿ ಎರಡು ವರ್ಷವಾಗಿತ್ತು, ತಡೆಯುವವರು ಯಾರೂ ಇರಲಿಲ್ಲ. ಮೋಟಾರಿನಲ್ಲಿ ಬಿಟ್ಟು ಬರುತ್ತೇನೆ ಎಂದೆ.

"ಬ್ಯಾಡ. ನಡೆದೇ ಹೋಗ್ತೀನಿ."

ಅಲ್ಲಿ ಏನಾಯಿತೆಂದು, ಅವನನ್ನು ಷೆಡ್ಡಿನಲ್ಲಿ ಕಂಡಿದ್ದ ನನ್ನ ಗಿರಾಕಿಯೊಬ್ಬ, ಊಟದ ಸಾಲಿನಲ್ಲಿ ಅವನ ಪಕ್ಕ ಕೂತಿದ್ದವನು, ನನಗೆ ಹೇಳಿದ. ಪಾಲಯ್ಯ ಹೋಗಿ ಪರಸ್ಥಳದವರ ಸಾಲಿನಲ್ಲಿ ಕೂತನಂತೆ. ಯಾರೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವರಲ್ಲಿ ಮದುಮಗಳು ಎಲ್ಲರ ಎಲೆಗೂ ತಾನೇ ತುಪ್ಪ ಬಡಿಸುವ ಪದ್ಧತಿ. ಅವಳು ಬಗ್ಗಿ ಎಲೆಗೆ ತುಪ್ಪ ಬಿಡುತ್ತಾ, "ಇನ್ನೊಂಚೂರು ಹಾಕ್ಲಾ ಯಜಮಾನ್ರೇ?" ಎಂದು ಕೇಳಿದಳಂತೆ.

"ಸಾಕವ್ವ" ಎಂದನಂತೆ. ಎಲೆಯಲ್ಲಿದ್ದುದನ್ನೆಲ್ಲ ಉಂಡು, ಕೈ ತೊಳೆದು, ಬಿಸಿಲಿನಲ್ಲೇ ಹೊರಟನಂತೆ. ಯಾವ ದಾರಿ ಹಿಡಿದ ಎಂದು ನೋಡಿದವರಿಲ್ಲ.