ಕಾಲುವೆಯೊಳಗಿನ ಪೆಂಡಾಲು

ರುದ್ರವ್ವ ಬೆಳಿಗ್ಗೆ ಚಹಾಕ್ಕೆ ನೀರಿಡುವ ಮೊದಲು ಕೆರೆಯ ಏರಿಗೆ ಹೋಗಿ ಏಳು ಕಲ್ಲುಗಳಿಗೆ ಅರಿಶಿನ ಹಚ್ಚಿ ಬರುತ್ತಾಳೆ. ಮರಾಠಿ ಸೀಮೆಯ ಶಿರೂರಿನ ಸುತ್ತಿನವರು ಅವನ್ನು ಸಾತೀ ಆಸರಾ ಎನ್ನುತ್ತಾರೆ, ನೀರು ಕಾಯುವ ಏಳು ಅಕ್ಕತಂಗಿಯರು. ವಿಜಯಪುರದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದ ಮರುದಿನವೇ ಅತ್ತೆ ಕಲಿಸಿದ ರೂಢಿ. ಜ್ವರ ಬಂದಾಗಲೂ ಅವಳು ತಪ್ಪಿಸಿದವಳಲ್ಲ.

ಹಿಂದಿನ ಬೇಸಿಗೆಯಲ್ಲಿ ತಾಲೂಕಿನ ಆಡಳಿತ ಹಣ ಕೊಟ್ಟು ಕೆರೆಯ ಹೂಳು ತೆಗೆಸಿತ್ತು. ತೂಬಿಗೆ ಹೊಸ ಬಾಗಿಲು ಬಂತು, ಕಾಲುವೆಗೆ ಸಿಮೆಂಟು ಬಿತ್ತು. ಒಳ್ಳೆಯ ಕೆಲಸ, ಅದರಲ್ಲಿ ಮಾತಿಲ್ಲ. ಈ ವರ್ಷ ಮಳೆ ಕೈಕೊಟ್ಟರೂ ಉಳ್ಳಾಗಡ್ಡಿಗೆ ಸಾಕಾಗುವಷ್ಟು ನೀರು ನಿಂತಿತು. ಅಲ್ಲಿ ನೀರು ಬಿಡುವ ಕ್ರಮ ಹಳೆಯದು: ಮೊದಲ ಪಾಳಿ ಕಾಲುವೆಯ ತುದಿಯ ಹೊಲಕ್ಕೆ, ಆಮೇಲೆ ಒಂದೊಂದಾಗಿ ಮೇಲಕ್ಕೆ. ತುದಿಯ ಹೊಲ ನೆರೆಮನೆಯ ಇಂದೂಳದು, ರುದ್ರವ್ವನದು ನಡುವೆ. ಗಡ್ಡೆ ತುಂಬುವ ಹೊತ್ತು. ಇನ್ನೊಂದು ನೀರು ಸಿಕ್ಕರೆ ಬೆಳೆ ಉಳಿಯುತ್ತದೆ, ಸಿಗದಿದ್ದರೆ ಗೋಲಿಯಷ್ಟೇ ಗಡ್ಡೆ.

ಆ ನೀರಿಗೆ ಅಡ್ಡ ನಿಂತದ್ದು ಒಂದು ಪೆಂಡಾಲು. ಕೆರೆ ಸಮಿತಿಯ ಅಧ್ಯಕ್ಷ ಮಿಥುನನಿಗೆ ಅಧಿಕಾರದಲ್ಲಿರುವ ದೊಡ್ಡವರನ್ನು ಕರೆಸಿ ಜಲಪೂಜೆ ಮಾಡಿಸಬೇಕಿತ್ತು. ಫೋಟೋದಲ್ಲಿ ಕೆರೆ ತುಂಬಿ ಕಾಣಲೆಂದು ತೂಬು ಮುಚ್ಚಿಸಿದ. ವೇದಿಕೆ ನೀರಿಗೆ ಹತ್ತಿರವಿರಲೆಂದು ಒಣಗಿದ ಕಾಲುವೆಯೊಳಗೇ ಕಂಬ ನಿಲ್ಲಿಸಿ ಹಲಗೆ ಹಾಸಿದ. ದೊಡ್ಡವರ ತಾರೀಖು ಒಮ್ಮೆ ಮುಂದೆ ಹೋಯಿತು, ಮತ್ತೊಮ್ಮೆ ಹೋಯಿತು. ಉಳ್ಳಾಗಡ್ಡಿಯ ಎಲೆ ಹಳದಿಗೆ ತಿರುಗಿತು.

ಮಿಥುನನ ಅಜ್ಜನೂ ವಿಜಯಪುರದ ಕಡೆಯವನೇ. ಓಟು ಕೇಳಲು ಬಂದಾಗ ಇವನ ಬಾಯಲ್ಲಿ ಕನ್ನಡ, ಜನ ಕೆಲಸ ಕೇಳಲು ಹೋದಾಗ ಮರಾಠಿ. ಈ ಸಲ ಕನ್ನಡದಲ್ಲೇ ಬಂದ.

"ಕಾಕೂ, ಕೆರಿಗೆ ಉಡಿ ತುಂಬಾಕ ನೀವ ಮುಂದ ನಿಂದ್ರಬೇಕ್ರಿ. ದಿನಾ ಪೂಜಿ ಮಾಡೋರು ನೀವ ಅಲ್ರಿ?"

"ನೀರ ಯಾವಾಗ ಬಿಡ್ತೀಪಾ?"

"ಪೂಜಿ ಮುಗದ ಕೂಡ್ಲೆ. ದೇವರ ಕೆಲಸ ಮೊದಲಲ್ರಿ?"

ಅವನ ಬಾಯಿಂದ ದೇವರ ಹೆಸರು ಕೇಳಿ ರುದ್ರವ್ವನಿಗೆ ತುತ್ತಿನಲ್ಲಿ ಕೂದಲು ಸಿಕ್ಕ ಹಾಗಾಯಿತು. ಆದರೂ ಹೂಂ ಎಂದಳು. ಪೂಜೆ ಮುಗಿದರೆ ನೀರು ಬಂದೀತಲ್ಲ.

ಪೂಜೆಯ ದಿನ ಅರಿಶಿನ ಹಿಡಿದು ಹೋದರೆ, ಏಳೂ ಕಲ್ಲುಗಳಿಗೆ ಯಾರೋ ಪೇಂಟು ಬಳಿದಿದ್ದರು. ಅರಿಶಿನ ಹತ್ತಲಿಲ್ಲ, ಅವಳ ಬೆರಳಿಗೇ ಬಣ್ಣ ಅಂಟಿತು. ದೊಡ್ಡವರು ಬಂದರು. ಕ್ಯಾಮೆರಾದವನಿಗೆ ಸರಿ ಕಾಣುವ ತನಕ ಆರತಿ ಮತ್ತೆ ಮತ್ತೆ ಎತ್ತಿಸಿದರು. ಬಾಟಲಿ ನೀರು ಕುಡಿದು, ಬಾಟಲಿಗಳನ್ನು ಅದೇ ಕೆರೆಗೆ ಎಸೆದು ಕಾರು ಹತ್ತಿದರು. ರುದ್ರವ್ವ ಉಡಿ ತುಂಬಿ ಭಕ್ತಿಯಿಂದ ನೀರಿಗೆ ಬಿಟ್ಟ ಹಸಿರು ಕುಬಸದ ಬಟ್ಟೆ, ತೆಂಗಿನಕಾಯಿ ಆ ಬಾಟಲಿಗಳ ನಡುವೆ ತೇಲುತ್ತಿದ್ದವು.

"ಕಾಕೂ, ಕೆರಿಗೆ ಉಡಿ ತುಂಬಿದ್ರೋ, ಕಸಾ ತುಂಬಿದ್ರೋ?" ಎಂದಳು ಇಂದೂ. ನಗು ಅವಳಿಗೂ ಬರಲಿಲ್ಲ, ಇವಳಿಗೂ ಬರಲಿಲ್ಲ.

ತೂಬು ತೆರೆಯಲು ಕೇಳಿದರೆ ಮಿಥುನ ಈಗ ಆಗದು ಎಂದ. ಕಂಬ ಕೀಳಬೇಕಾದ ಆಳುಗಳು ದೂರದ ಕಾತ್ರಜಕ್ಕೆ ಮದುವೆ ಪೆಂಡಾಲು ಹಾಕಲು ಹೋಗಿದ್ದರು. ಈಗ ನೀರು ಬಿಟ್ಟರೆ ಬಾಡಿಗೆಯ ವೇದಿಕೆ ಕೊಚ್ಚಿಹೋಗುತ್ತದೆ. ಇಂದೂ ಕಾಲುವೆಯ ಗುಂಟ ತನ್ನ ಹೊಲದ ಕಡೆ ನಡೆದಳು. ಅವಳು ಮರೆಯಾದ ಮೇಲೆ ಅವನು ದನಿ ತಗ್ಗಿಸಿದ.

"ನೀವು ಚಿಂತಿ ಮಾಡಬ್ಯಾಡ್ರಿ ಕಾಕೂ. ಪಂಪು ನಂದ ಅದ. ಕೆರಿಯಿಂದ ಸೀದಾ ನಿಮ್ಮ ಹೊಲಕ್ಕ ಪೈಪ್ ಹಾಕಸ್ತೀನಿ. ಸಂಜಿಯೊಳಗ ನೀರು. ಯಾರಿಗೂ ಹೇಳಬ್ಯಾಡ್ರಿ, ಅಷ್ಟ."

ರುದ್ರವ್ವನ ಕಣ್ಣು ತನ್ನ ಹಳದಿ ಹೊಲದ ಮೇಲೆ ನಿಂತಿತು. ಬೇಕಿತ್ತು, ಭಾಳ ಬೇಕಿತ್ತು.

"ಮೊದಲ ಪಾಳಿ ಇಂದೂಂದು."

"ಆಕಿದು ಆಮ್ಯಾಲೆ ನೋಡೂಣ್ರಿ."

ಬೆರಳಿಗೆ ಅಂಟಿದ ಪೇಂಟನ್ನು ರುದ್ರವ್ವ ಪೆಂಡಾಲಿನ ಬಟ್ಟೆಗೇ ಒರೆಸಿದಳು.

"ನಿನ್ನ ನೀರ ನನಗ ಬ್ಯಾಡಪಾ," ಎಂದು ಕಾಲುವೆಗೆ ಇಳಿದು, ಮೊದಲ ಕಂಬದ ಹಗ್ಗದ ಗಂಟಿಗೆ ಕೈ ಹಾಕಿದಳು.