ಟವಲ್ಲಿನ ಕೆಳಗಿನ ನಾಲ್ಕು ಅಂಕಿ

ದುಡ್ಡು ಬೇಡವೆನ್ನುವ ಅಂಗಡಿಯನ್ನು ನಾನು ಮೊಟ್ಟಮೊದಲು ನೋಡಿದ್ದು ನನ್ನ ಅರವತ್ತಾರನೆಯ ವಯಸ್ಸಿನಲ್ಲಿ, ಸ್ವೀಡನ್ ದೇಶದಲ್ಲಿ. ಅದಕ್ಕೆ ಮೊದಲು ಹರಿದ ನೋಟು ಬೇಡವೆಂದವರನ್ನು ನೋಡಿದ್ದೆ. ಚಿಲ್ಲರೆ ಇಲ್ಲವೆಂದು ಕೈಗೆ ಎರಡು ಚಾಕಲೇಟು ಇಟ್ಟು ಕಳಿಸಿದವರನ್ನು ನೋಡಿದ್ದೆ. ಮಾಲೂರಿನಿಂದ ಟೇಕಲ್ಲಿಗೆ ಹೋಗುವ ಬಸ್ಸಿನಲ್ಲಿ ಐನೂರರ ನೋಟು ಚಾಚಿದಾಗ ಕಂಡಕ್ಟರು ನನ್ನ ವಂಶದ ಬಗ್ಗೆ ಆಡಿದ ಮಾತುಗಳೂ ನೆನಪಿವೆ. ಆದರೆ ಒಂದು ಮಡಿಕೆಯೂ ಇಲ್ಲದ, ಆ ದೇಶದ್ದೇ ಆದ, ಬೆಂಗಳೂರಿಗೆ ಹೋಗಿ ಸಾಲಿನಲ್ಲಿ ನಿಂತು ತಂದಿದ್ದ ನೋಟನ್ನು ಕಾಫಿ ಅಂಗಡಿಯಾಕೆ ನಗುನಗುತ್ತಾ ಹಿಂದಕ್ಕೆ ತಳ್ಳಿದಳು. ಯಾರೋ ತೀರಿಕೊಂಡ ಸುದ್ದಿಯನ್ನು ಮೆಲ್ಲಗೆ ತಿಳಿಸುವವರ ದನಿಯಲ್ಲಿ, ‘ಕಾರ್ಡ್ ಮಾತ್ರ’ ಎಂದಳು. ನಾನು ಕಾಫಿ ಕುಡಿಯದೆ ಬಂದು ಬಸ್ಸಿನಲ್ಲಿ ಕುಳಿತೆ. ತಮ್ಮ ದೇಶದ ನೋಟಿಗೆ ಅವರೇ ಮರ್ಯಾದೆ ಕೊಡದಿದ್ದರೆ ನಾನು ಏನು ತಾನೇ ಮಾಡಬಲ್ಲೆ?

ಕಾರ್ಡು ನನ್ನಲ್ಲಿ ಇರಲಿಲ್ಲವೆಂದಲ್ಲ. ಬನಿಯನ್ನಿನ ಒಳಜೇಬಿನಲ್ಲಿ, ಎದೆಗೆ ಒತ್ತಿಕೊಂಡೇ ಇತ್ತು. ತೆಗೆಯುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ಶ್ರೀನಿವಾಸಪುರದ ಮಾವಿನ ವ್ಯಾಪಾರದ ವಿಷಯ ಸ್ವಲ್ಪ ಹೇಳಬೇಕು.

ನಾನು ಮೂವತ್ತು ವರ್ಷ ತೋಟದ ದಲ್ಲಾಳಿಯಾಗಿದ್ದವನು. ಮರದ ಮೇಲಿನ ಫಸಲಿಗೆ ನಮ್ಮಲ್ಲಿ ಬೆಲೆ ಕಟ್ಟುತ್ತಿದ್ದುದು ಬಾಯಲ್ಲಲ್ಲ, ಟವಲ್ಲಿನ ಕೆಳಗೆ. ಕೊಳ್ಳುವವನ ಕೈ, ಮಾರುವವನ ಕೈ, ಎರಡರ ಮೇಲೊಂದು ಟವಲ್. ಬೆರಳು ಹಿಡಿದರೆ ಸಾವಿರ, ಗೆಣ್ಣು ಮುಟ್ಟಿದರೆ ನೂರು. ಸುತ್ತ ಇಪ್ಪತ್ತು ಜನ ನಿಂತಿರುತ್ತಿದ್ದರು, ಯಾರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಮುಖದಲ್ಲಿ ಒಂದು ಕೂದಲೂ ಅಲುಗಬಾರದು. ಹೀಗೆ ಮೂವತ್ತು ವರ್ಷ ಕಳೆದವನ ತಲೆಯಲ್ಲಿ, ದುಡ್ಡಿಗೆ ಸಂಬಂಧಿಸಿದ ಅಂಕಿ ಬಯಲಿಗೆ ಬರುವುದೂ ಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಲ್ಲುವುದೂ ಒಂದೇ ಎಂಬ ಭಾವನೆ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ.

ಹೊರಡುವ ಮುಂಚೆ ಕೋಲಾರದ ಬ್ಯಾಂಕಿನಲ್ಲಿ ಕಾರ್ಡು ಕೊಟ್ಟ ಅಧಿಕಾರಿ ಎರಡು ಮಾತು ಹೇಳಿದ್ದರು. ‘ಯಜಮಾನ್ರೇ, ಕಾರ್ಡ್ ಯಾರ ಕೈಗೂ ಕೊಡ್ಬೇಡಿ. ನಂಬರ್ ಒತ್ತುವಾಗ ಯಾರ್ಗೂ ಕಾಣ್ದಂಗೆ ಮುಚ್ಕೊಳ್ಳಿ.’ ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮುಚ್ಚಿಕೊಳ್ಳುವುದಕ್ಕೆ ಅವರು ಹೇಳಿದ್ದು ಅಂಗೈ. ನಾನು ಸೂಟ್‌ಕೇಸಿಗೆ ಟವಲ್ ಹಾಕಿಕೊಂಡೆ.

ನಮ್ಮ ತಾಲ್ಲೂಕುಗಳಿಂದ ಹದಿನಾಲ್ಕು ಜನ ಟೂರಿಗೆ ಹೊರಟಿದ್ದೆವು. ಊಟ, ವಸತಿ ಎಲ್ಲ ಕಂಪನಿಯದೇ ಆದದ್ದರಿಂದ ಮೊದಲ ಮೂರು ದಿನ ನನ್ನ ಕಾರ್ಡಿಗೆ ಎರಡೇ ಸಲ ಕೆಲಸ ಬಿತ್ತು. ಎರಡೂ ಸಲ ಅಂಗಡಿಯ ಯಂತ್ರದಲ್ಲಿ ನಮ್ಮ ಎಟಿಎಮ್ಮಿನ ಹಾಗೆ ಉಬ್ಬಿದ ಗುಂಡಿಗಳಿದ್ದವು. ಟವಲ್ ಮುಚ್ಚಿ, ಮಾವಿನ ಮಂಡಿಯಲ್ಲಿ ಪಳಗಿದ ನನ್ನ ಬೆರಳುಗಳು ಕತ್ತಲಲ್ಲಿ ಗುಂಡಿ ಎಣಿಸಿಕೊಂಡು, ನಾಲ್ಕು ಅಂಕಿ ಒತ್ತಿ ಬಂದವು. ಅಂಗಡಿಯವರು ಒಂದು ಹೆಜ್ಜೆ ಹಿಂದೆ ಸರಿದರು. ಅದು ಗೌರವದಿಂದ ಎಂದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಆ ದೇಶದ ರಾಜಧಾನಿಯ ರೈಲು ನಿಲ್ದಾಣದಲ್ಲಿ ಇಳಿದೆವು. ನಮ್ಮನ್ನು ಒಂದು ಕಡೆ ನಿಲ್ಲಿಸಿ, ಸೂಟ್‌ಕೇಸುಗಳನ್ನು ಹೊತ್ತು ರಸ್ತೆಯಲ್ಲಿ ಬಂದಿದ್ದ ಬಸ್ ಎಲ್ಲಿದೆ ಎಂದು ನೋಡಲು ಗೈಡು ಹೊರಟುಹೋದ. ಅಷ್ಟರಲ್ಲಿ ನನ್ನ ಹೆಂಡತಿ ನನ್ನ ಮೊಣಕೈ ಹಿಡಿದಳು. ಅವಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಅದರ ಜೊತೆಗೆ ರಕ್ತದೊತ್ತಡದ ಮಾತ್ರೆ, ಮೇಲಿಂದ ಆ ಊರಿನ ಚಳಿ. ನಾಲ್ಕು ಜನರ ಮುಂದೆ ಕುಡಿಯುವ ನೀರು ಬೇಕೆಂದು ಕೇಳುವುದಕ್ಕೂ ನಾಚುವ ಹೆಂಗಸು ಅವಳು.

‘ರೀ, ನನ್ ಕೈಲಿ ಇನ್ನು ಆಗಲ್ಲ,’ ಎಂದಳು.

ಶೌಚಾಲಯ ಹತ್ತೇ ಮಾರು ದೂರದಲ್ಲಿತ್ತು. ಅದಕ್ಕೊಂದು ಗಾಜಿನ ಗೇಟು. ಗೇಟಿನ ಪಕ್ಕ ಕೈಯಲ್ಲಿ ಸಣ್ಣ ಯಂತ್ರ ಹಿಡಿದ ಒಬ್ಬ ಹೆಂಗಸು. ನಾನು ನೋಟು ಚಾಚಿದೆ. ಆಕೆ ತಲೆ ಅಲ್ಲಾಡಿಸಿದಳು. ಅದರ ಎರಡರಷ್ಟು ಬೆಲೆಯ ನೋಟು ಚಾಚಿದೆ. ಆಗಲೂ ಅಲ್ಲಾಡಿಸಿದಳು. ಮೂರನೆಯದಾಗಿ ಇದ್ದಬದ್ದ ನೋಟನ್ನೆಲ್ಲ ಬೀಸಣಿಗೆಯ ಹಾಗೆ ಹರಡಿ ಹಿಡಿದೆ. ಮಂಡಿಯಲ್ಲಿ ಇದಕ್ಕೆ ಕರಗದವನನ್ನು ನಾನು ಕಂಡಿಲ್ಲ. ಆಕೆ ಗೇಟಿನ ಮೇಲಿನ ಚಿತ್ರ ತೋರಿಸಿದಳು. ನೋಟಿನ ಚಿತ್ರ, ಅದರ ಮೇಲೆ ಕೆಂಪು ಗೀಟು. ನಮ್ಮ ಆಸ್ಪತ್ರೆಗಳಲ್ಲಿ ಬೀಡಿಗೆ ಹಾಕುವ ಗೀಟು.

ಉಳಿದವರನ್ನು ಕೇಳಿದೆ. ಅವರ ಕಾರ್ಡುಗಳೆಲ್ಲ ಕಳ್ಳರ ಭಯದಿಂದ ಸೂಟ್‌ಕೇಸಿನೊಳಗೆ ಸೇರಿ, ಸೂಟ್‌ಕೇಸುಗಳು ಬಸ್ಸಿನ ಹೊಟ್ಟೆಯೊಳಗೆ ಸೇರಿದ್ದವು. ಇದ್ದದ್ದು ನನ್ನದೊಂದೇ. ಗೋಡೆಯ ಕಡೆ ತಿರುಗಿ ಅಂಗಿಯ ಗುಂಡಿ ಬಿಚ್ಚಿ ಕಾರ್ಡು ತೆಗೆದೆ. ಆ ಹೆಂಗಸು ಯಂತ್ರ ಮುಂದೆ ಮಾಡಿ, ಕಾರ್ಡು ಇತ್ತ ಎಂಬಂತೆ ಅದರ ಮೇಲೆ ಕೈ ಆಡಿಸತೊಡಗಿದಳು. ಕಾರ್ಡನ್ನು ತನ್ನ ಕೈಗೆ ಕೇಳುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಕೊಡುವುದುಂಟೇ? ನಾನೇ ಯಂತ್ರದ ಸೀಳಿನಲ್ಲಿ ಕಾರ್ಡು ತೂರಿಸಿ, ಹೆಗಲ ಮೇಲಿನ ಟವಲ್ ಎಳೆದು, ಯಂತ್ರವನ್ನೂ ಆಕೆಯ ಕೈಯನ್ನೂ ಒಟ್ಟಿಗೆ ಮುಚ್ಚಿದೆ.

ಆಕೆಯ ಬಾಯಿಂದ ಸಣ್ಣದೊಂದು ಶಬ್ದ ಹೊರಟಿತು.

ಟವಲ್ಲಿನ ಕೆಳಗೆ ನನಗೂ ಒಂದು ಆಘಾತ ಕಾದಿತ್ತು. ಆ ಯಂತ್ರಕ್ಕೆ ಗುಂಡಿಗಳೇ ಇರಲಿಲ್ಲ. ಬರೀ ಗಾಜು, ಕೊಳದ ನೀರಿನಷ್ಟು ನುಣ್ಣಗೆ. ಅಂದಾಜಿನ ಮೇಲೆ ಒತ್ತಿದೆ. ತಪ್ಪು. ಇನ್ನೊಮ್ಮೆ ಒತ್ತಿದೆ. ಟವಲ್ಲಿನ ಅಂಚೆತ್ತಿ ಇಣುಕಿದರೆ, ಇನ್ನು ಒಂದೇ ಅವಕಾಶ ಎಂದು ಇಂಗ್ಲಿಷಿನಲ್ಲಿ ಮೂಡಿತ್ತು.

ಹಿಂದಿನಿಂದ ದನಿ ಬಂತು. ‘ಏಮನ್ನಾ, ಇಲ್ಲಿ ಯಾವ ತೋಟ ಯಾಪಾರ ಮಾಡ್ತಿದ್ದೀಯ? ಆಯಮ್ಮ ಹೆದ್ರಿಕೊಂಡವ್ಳೆ ನೋಡು.’

ಬೈರಕೂರಿನ ಮಾವಿನ ತೋಟದವನು. ಇಪ್ಪತ್ತು ವರ್ಷ ನನ್ನ ಟವಲ್ಲಿನೊಳಗೆ ಇಣುಕಲು ನೋಡಿ ಸೋತಿದ್ದವನು. ಈಗ ನನ್ನ ಹೆಗಲ ಹಿಂದೆಯೇ ನಿಂತಿದ್ದ. ಅವನ ಹಿಂದೆ ನಮ್ಮ ಹನ್ನೊಂದು ಜನ, ಅವರ ಹಿಂದೆ ಆ ದೇಶದವರ ಒಂದು ಸಾಲು.

‘ಆ ಟವಲ್ ತೆಗೀರಿ ಮೊದ್ಲು,’ ಎಂದಳು ಹೆಂಡತಿ. ಅವಳ ಹಣೆಯ ಮೇಲೆ ಆ ಚಳಿಯಲ್ಲೂ ಬೆವರಿತ್ತು.

‘ಎಲ್ರೂ ನೋಡ್ತಾವ್ರೆ ಕಣೇ.’

‘ಇನ್ನೊಂದ್ ಗಳಿಗೆ ಹೋದ್ರೆ ಅವ್ರು ನೋಡೋದು ಬೇರೆ ಇರುತ್ತೆ.’

ಅವಳು ನನ್ನ ಮೊಣಕೈ ಬಿಟ್ಟು ಗೇಟಿನ ಕಂಬ ಹಿಡಿದುಕೊಂಡಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಗಾಬರಿಯಾದದ್ದನ್ನು ನಾನು ನೋಡಿರಲಿಲ್ಲ. ಬೇರೆ ದಾರಿಯಿರಲಿಲ್ಲ. ಟವಲ್ ತೆಗೆದು ಹೆಗಲಿಗೆ ಹಾಕಿಕೊಂಡೆ. ಬೆರಳು ಗಾಜಿನ ಮೇಲೆ ಬಂದು ನಿಂತಿತು, ಕೆಳಗಿಳಿಯಲಿಲ್ಲ.

ಆಗ ಬೈರಕೂರಿನವನು ನಮ್ಮವರ ಕಡೆ ತಿರುಗಿ, ‘ಎಲ್ರೂ ಆ ಕಡೆ ತಿರುಗ್ರಪ್ಪಾ. ಅಣ್ಣ ನಂಬರ್ ಒತ್ಬೇಕು,’ ಎಂದ.

ಹೀಗೆ ಕೋಲಾರ ಜಿಲ್ಲೆಯ ಹನ್ನೆರಡು ಪ್ರತಿಷ್ಠಿತ ನಾಗರಿಕರು, ವಿದೇಶದ ನೆಲದಲ್ಲಿ, ಒಂದು ಶೌಚಾಲಯಕ್ಕೆ ಏಕಕಾಲದಲ್ಲಿ ಬೆನ್ನು ತಿರುಗಿಸಿ ನಿಂತರು. ಹಿಂದಿನ ಸಾಲಿನವರು, ಇವರು ಏನು ನೋಡುತ್ತಿದ್ದಾರೋ ಎಂದು ತಾವೂ ಹಿಂದಕ್ಕೆ ತಿರುಗಿ ನೋಡಿದರು. ನಾನು ನನ್ನ ನಾಲ್ಕು ಅಂಕಿಗಳನ್ನು ಹಾಡಹಗಲಲ್ಲಿ, ಬಯಲಿನಲ್ಲಿ, ಒಂದೊಂದಾಗಿ ಒತ್ತಿದೆ. ಗೇಟು ತೆರೆಯಿತು. ಹೆಂಡತಿ ಒಳಗೆ ಓಡಿದಳು. ಹೌದು, ಓಡಿದಳು.

ಸ್ವಲ್ಪ ಹೊತ್ತಿನ ಮೇಲೆ ಬೈರಕೂರಿನವನನ್ನು ಕೇಳಿದೆ. ‘ಇಪ್ಪತ್ತ್ ವರ್ಷ ಕಾದಿದ್ಯಲ್ಲ, ಇವತ್ ಯಾಕ್ ನೋಡ್ಲಿಲ್ಲ?’

‘ಮಂಡೀಲಿ ನೋಡೋದು ಬೇರೆ ಬಿಡು. ಇದು ಅಕ್ಕನ ವಿಷಯ,’ ಎಂದು ಅವನು ಬಸ್ಸಿನ ಕಡೆ ನಡೆದ.

ಅದೂ ಒಂದು ಆಘಾತವೇ. ಅವನ ಬಗ್ಗೆ ನಾನು ಇಪ್ಪತ್ತು ವರ್ಷ ಆಡಿದ್ದ ಮಾತುಗಳನ್ನೆಲ್ಲ ನೆನೆದು ತಲೆ ತಗ್ಗಿಸಬೇಕಾಯಿತು.

ಮುಂದಿನ ನಿಲುಗಡೆ ಒಂದು ಅರಮನೆ. ಅಲ್ಲಿನ ಶೌಚಾಲಯಕ್ಕೂ ಗೇಟು, ಅಲ್ಲೂ ಕೆಂಪು ಗೀಟು. ಕಾಯುವವರು ಮಾತ್ರ ಯಾರೂ ಇರಲಿಲ್ಲ. ಹೆಂಡತಿ ಈ ಸಲ ಮುಂಚಿತವಾಗಿಯೇ ಕೈ ಚಾಚಿದಳು. ‘ಕಾರ್ಡ್ ಇಲ್ಲಿ ಕೊಡಿ.’

‘ನಂಬರ್ ಗೊತ್ತಾ ನಿಂಗೆ?’

‘ಕೊಡಿ ನೀವು.’

ಕೊಟ್ಟೆ. ಅವಳು ತನ್ನ ಮುಂದೆ ನಿಂತಿದ್ದ ಬಿಳಿಯ ಮುದುಕಿ ಮಾಡಿದ್ದನ್ನು ನೋಡಿಕೊಂಡು, ಕಾರ್ಡನ್ನು ಗೇಟಿನ ಕಪ್ಪು ಹಲಗೆಯ ಮೇಲೆ ಹಾಗೇ ಸುಮ್ಮನೆ ಇಟ್ಟಳು. ಟಿಣ್ ಎಂದಿತು. ಗೇಟು ತೆರೆಯಿತು.

‘ನಂಬರ್ ಕೇಳ್ಲಿಲ್ವಾ?’ ಎಂದೆ.

‘ಇಲ್ಲ.’

‘ಹೆಸ್ರು?’

‘ಏನೂ ಕೇಳ್ಲಿಲ್ಲ ರೀ. ಮುಟ್ಸಿದ್ರೆ ಸಾಕು. ಆಯಮ್ಮ ಬೆಳಿಗ್ಗೆ ಹೇಳ್ತಿದ್ದಿದ್ದೂ ಅದನ್ನೇ ಇರ್ಬೇಕು.’

ಅವಳು ಒಳಗೆ ಹೋದಳು. ನಾನು ಆ ಕಪ್ಪು ಹಲಗೆಯನ್ನೇ ನೋಡುತ್ತಾ ನಿಂತೆ. ನಾನು ಯಾರು, ಎಲ್ಲಿಯವನು, ಆ ಕಾರ್ಡು ನನ್ನದೇ ಹೌದೇ, ಇದೊಂದನ್ನೂ ಕೇಳದೆ ನನ್ನ ದುಡ್ಡು ನನ್ನ ಕಣ್ಣೆದುರಿಗೇ ಹೊರಟುಹೋಗಿತ್ತು. ಮಂಡಿಯಲ್ಲಿ ಹೀಗಾಗಿದ್ದರೆ ಪಂಚಾಯಿತಿ ಸೇರುತ್ತಿತ್ತು.

ಅವಳು ಹೊರಗೆ ಬಂದಾಗ ನಾನು ಅಲ್ಲೇ ನಿಂತಿದ್ದೆ.

‘ನೀವೂ ಹೋಗ್ಬೇಕಾ?’ ಎಂದು ಕೇಳಿದಳು.

ಹೋಗಬೇಕಾಗಿತ್ತು. ಬೆಳಗಿನಿಂದಲೂ ಹೋಗಬೇಕಾಗಿತ್ತು. ಅವಳು ಕಾರ್ಡು ಮುಟ್ಟಿಸಿ ನನ್ನನ್ನು ಒಳಗೆ ಬಿಟ್ಟಳು. ಹೊರಗೆ ಬರುವಷ್ಟರಲ್ಲಿ ಕಾರ್ಡು ಅವಳ ಪರ್ಸು ಸೇರಿತ್ತು. ನಾನು ಕೇಳಲಿಲ್ಲ, ಅವಳು ಕೊಡಲೂ ಇಲ್ಲ.